ಉಗ್ರಾಣದ ಕೀಲಿ ಯಾರ ಕೈಯಲ್ಲಿ?

ಮದುವೆ ನಿಶ್ಚಯವಾದ ಮಾರನೆಯ ದಿನವೇ ಹೆಣ್ಣಿನ ತಂದೆ ಹೊಸದೊಂದು ನೋಟ್ ಪುಸ್ತಕ ಕೊಳ್ಳುತ್ತಾರೆ. ಮೊದಲ ಪುಟದ ನೆತ್ತಿಯಲ್ಲಿ 'ಶ್ರೀ' ಎಂದು ಬರೆದು, ಕೆಳಗೆ ಛತ್ರ, ಅಡಿಗೆ, ಓಲಗ, ಪುರೋಹಿತರು, ಜವಳಿ, ಲಗ್ನಪತ್ರಿಕೆ, ವಿಡಿಯೋ, ತಾಂಬೂಲದ ಚೀಲ ಎಂದು ಸಾಲಾಗಿ ಬರೆಯುತ್ತಾರೆ. ದಿನ ಕಳೆದಂತೆ ಪಟ್ಟಿ ಬೆಳೆಯುತ್ತದೆ. ಬೀಗರ ಕಡೆಯವರಿಗೆ ಎಷ್ಟು ಕೋಣೆ, ಸೋದರಮಾವನಿಗೆ ಯಾವ ಪಂಚೆ, ಕಾಶಿಯಾತ್ರೆಗೆ ಕೊಡೆ ತರುವವರು ಯಾರು ಎಂಬುದಕ್ಕೆಲ್ಲ ಒಂದೊಂದು ಸಾಲು. ಆದರೆ ಇಂಥ ಪುಸ್ತಕಗಳಲ್ಲಿ ಎರಡು ಪ್ರಶ್ನೆಗಳು ಕಾಣಸಿಗುವುದು ಅಪರೂಪ. ಮಿಕ್ಕ ಅನ್ನವನ್ನು ಏನು ಮಾಡುವುದು? ಬೆಂಕಿ ಬಿದ್ದರೆ ಜನ ಯಾವ ಬಾಗಿಲಿನಿಂದ ಹೊರಗೆ ಹೋಗುವುದು?

ಶುಭಕಾರ್ಯದ ಹೊತ್ತಿನಲ್ಲಿ ಅಪಶಕುನದ ಮಾತೇಕೆ ಎಂಬ ಸಂಕೋಚ ಸಹಜ. ಆದರೆ ಬಂದವರು ಉಂಡು, ಹರಸಿ, ನೆಮ್ಮದಿಯಿಂದ ತಮ್ಮ ತಮ್ಮ ಊರು ಸೇರಿದಾಗಲೇ ಮದುವೆ ಸಾಂಗವಾಯಿತು ಎನ್ನಬೇಕು. ಅದಕ್ಕೆ ಬೇಕಾದ ತಿಳಿವಳಿಕೆ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇದೆ.

ಪಂಚಾಂಗದಿಂದ ಅಡಿಗೆಮನೆಗೆ

ದಿನ ಗೊತ್ತುಮಾಡುವುದರಲ್ಲಿಯೇ ಒಂದಿಷ್ಟು ಖಗೋಳ ವಿಜ್ಞಾನ ಅಡಗಿದೆ. ಆಷಾಢದಲ್ಲಿ ಮದುವೆ ಮಾಡುವುದಿಲ್ಲ. ಅಧಿಕ ಮಾಸದಲ್ಲಿಯೂ ಇಲ್ಲ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ, ಸೌರಮಾನದ ವರ್ಷಕ್ಕೆ 365 ದಿನ. ವರ್ಷಕ್ಕೆ ಹನ್ನೊಂದು ದಿನದಂತೆ ಬೀಳುವ ಈ ಅಂತರವನ್ನು ತುಂಬಲು ಸುಮಾರು 32-33 ತಿಂಗಳಿಗೊಮ್ಮೆ ಒಂದು ತಿಂಗಳನ್ನು ಹೆಚ್ಚಾಗಿ ಸೇರಿಸುತ್ತಾರೆ. 2023ರಲ್ಲಿ ಶ್ರಾವಣ ಅಧಿಕವಾಗಿತ್ತು. 2026ರಲ್ಲಿ ಮದುವೆಗಳ ಕಾಲದ ನಡುವೆಯೇ ಜ್ಯೇಷ್ಠ ಅಧಿಕ. ಇನ್ನು ಗುರು, ಶುಕ್ರರು ಅಸ್ತವಾಗಿರುವಾಗಲೂ ಮುಹೂರ್ತವಿಲ್ಲ. ಅಸ್ತ ಎಂದರೆ ಗ್ರಹ ಎಲ್ಲಿಗೋ ಹೋಯಿತೆಂದಲ್ಲ. ಆಕಾಶದಲ್ಲಿ ಸೂರ್ಯನ ತೀರ ಪಕ್ಕಕ್ಕೆ ಬಂದು ಅವನ ಬೆಳಕಿನಲ್ಲಿ ಕಾಣದಾಯಿತು ಎಂದಷ್ಟೇ. ಗುರು ಹೀಗೆ ಮರೆಯಾಗುವುದು ಸುಮಾರು 399 ದಿನಗಳಿಗೊಮ್ಮೆ. ಶುಕ್ರ ತನ್ನ 584 ದಿನಗಳ ಸುತ್ತಿನಲ್ಲಿ ಎರಡು ಸಲ ಮರೆಯಾಗುತ್ತಾನೆ.

ಹೀಗೆ ಒಂದೊಂದನ್ನೇ ಕಳೆಯುತ್ತ ಹೋದರೆ ಉಳಿಯುವ ದಿನಗಳು ಕೆಲವೇ. ಊರಿನ ಮದುವೆಗಳೆಲ್ಲ ಆ ಕೆಲವು ದಿನಗಳ ಮೇಲೆಯೇ ಬೀಳುತ್ತವೆ. ಛತ್ರ ಸಿಗದು, ನುರಿತ ಅಡಿಗೆಯವರು ಸಿಗರು. ಒಬ್ಬರೇ ಅಡಿಗೆ ಕಂಟ್ರಾಕ್ಟರು ಒಂದೇ ದಿನ ಮೂರು ಕಡೆ ಒಪ್ಪಿಕೊಂಡು, ಎಲ್ಲಿಂದಲೋ ಹೊಸ ಕೈಗಳನ್ನು ಕರೆತರುತ್ತಾರೆ. ಅದೂ ಹೆಚ್ಚಿನ ಮುಹೂರ್ತಗಳು ವೈಶಾಖ, ಜ್ಯೇಷ್ಠದ ಬಿಸಿಲಿನಲ್ಲಿ. ಅನ್ನ ಹಳಸುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮುಹೂರ್ತದ ವಿಷಯದಲ್ಲಿ ನಮ್ಮವರು ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ಗಳಿಗೆ ಬಟ್ಟಲೇ ಸಾಕ್ಷಿ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರೆ ಅದು ನಿಧಾನವಾಗಿ ತುಂಬಿ ಮುಳುಗುತ್ತದೆ. ಒಂದು ಸಲ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಅರವತ್ತು ಗಳಿಗೆಗೆ ಒಂದು ದಿನ. ಈ ಎಣಿಕೆ ಆ ಊರಿನ ಸೂರ್ಯೋದಯದಿಂದ ಆರಂಭವಾಗುತ್ತಿತ್ತು. ಇಂದಿನ ಗಡಿಯಾರ ಪೂರ್ವ ರೇಖಾಂಶ 82½ ಡಿಗ್ರಿಯ ಕಾಲವನ್ನು ತೋರಿಸುತ್ತದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಬೆಂಗಳೂರಿನ ಸ್ಥಳೀಯ ಕಾಲ ಅದಕ್ಕಿಂತ ಸುಮಾರು 20 ನಿಮಿಷ ಹಿಂದೆ, ಮಂಗಳೂರಿನದು ಸುಮಾರು 30 ನಿಮಿಷ ಹಿಂದೆ. ಒಂದು ಊರಿಗೆ ಗುಣಿಸಿದ ಪಂಚಾಂಗವನ್ನು ಇನ್ನೊಂದು ಊರಿನಲ್ಲಿ ಹಾಗೆಯೇ ಬಳಸಲು ಬಾರದು ಎಂದು ಪುರೋಹಿತರು ಹೇಳುವುದು ಇದಕ್ಕೇ.

ಮುಹೂರ್ತಕ್ಕೆ ನಿಮಿಷದ ಲೆಕ್ಕ ಹಿಡಿಯುವ ಮದುವೆಮನೆ, ಅನ್ನಕ್ಕೆ ಮಾತ್ರ ಗಂಟೆಯ ಲೆಕ್ಕವನ್ನೂ ಹಿಡಿಯುವುದಿಲ್ಲ.

ರಾತ್ರಿಯ ಅನ್ನ, ಬೆಳಗಿನ ಚಿತ್ರಾನ್ನ

ಬೆಂಗಳೂರು, ಮೈಸೂರು ಕಡೆ ಧಾರೆಯ ಹಿಂದಿನ ಸಂಜೆಯೇ ವರಪೂಜೆ, ಆರತಕ್ಷತೆ. ಒಂದು ಕಿಲೋ ಅಕ್ಕಿ ಎಂಟರಿಂದ ಹತ್ತು ಜನಕ್ಕೆ ಎಂಬುದು ಅಡಿಗೆಯವರ ಅಂದಾಜು. ಸಾವಿರ ಜನಕ್ಕೆಂದು ನೂರು ಕಿಲೋ ಬೇಯಿಸಿರುತ್ತಾರೆ. ಅಷ್ಟರಲ್ಲಿ ಮಳೆ ಬರುತ್ತದೆ. ಬಂದವರಲ್ಲಿಯೂ ಅನೇಕರು ಮುಯ್ಯಿ ಕೊಟ್ಟು, ಫೋಟೋ ತೆಗೆಸಿಕೊಂಡು, ಐಸ್‌ಕ್ರೀಂ ತಿಂದು ಹೊರಟುಬಿಡುತ್ತಾರೆ. ರಾತ್ರಿ ಹತ್ತರ ಹೊತ್ತಿಗೆ ಎರಡು ಹಂಡೆ ಅನ್ನ ಮಿಗುತ್ತದೆ. ಅನ್ನವನ್ನು ಚೆಲ್ಲಬಾರದು. ಹಂಡೆಗೆ ತಟ್ಟೆ ಮುಚ್ಚಿ ಎಲ್ಲರೂ ಮಲಗುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದ ಅಡಿಗೆಯವರು ಅದಕ್ಕೆ ನಿಂಬೆಹಣ್ಣು ಹಿಂಡಿ ಒಗ್ಗರಣೆ ಕೊಡುತ್ತಾರೆ. ಘಮಘಮಿಸುವ ಚಿತ್ರಾನ್ನ ಸಿದ್ಧ.

ಅಪಾಯ ಇರುವುದು ಇಲ್ಲಿಯೇ. ಮಣ್ಣಿನಲ್ಲಿ ಬದುಕುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ ಅಕ್ಕಿಯ ಜೊತೆ ಅಡಿಗೆಮನೆಗೆ ಬರುತ್ತದೆ. ಕುದಿಯುವ ನೀರಿನಲ್ಲಿ ಉಳಿದೆಲ್ಲ ಕ್ರಿಮಿಗಳು ಸತ್ತರೂ ಇದು ಗಟ್ಟಿ ಕವಚದ ಬೀಜಕದ ರೂಪದಲ್ಲಿ ಬದುಕಿ ಉಳಿಯುತ್ತದೆ. ಅನ್ನ ಆರಿ ಉಗುರುಬೆಚ್ಚಗಾದಾಗ ಬೀಜಕ ಒಡೆದು ಮತ್ತೆ ಬೆಳೆಯತೊಡಗುತ್ತದೆ. ಅನುಕೂಲವಾದ ಶಾಖದಲ್ಲಿ ಬ್ಯಾಕ್ಟೀರಿಯ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆಂದು ಇಟ್ಟುಕೊಳ್ಳೋಣ. ಒಂದು ಗಂಟೆಗೆ ಒಂದು ಎಂಟಾಯಿತು. ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ ಹದಿನೆಂಟು ಸಲ ಇಮ್ಮಡಿಯಾದರೆ ಒಂದರ ಜಾಗದಲ್ಲಿ 2,62,144! ಅದು ಅನ್ನದಲ್ಲಿ ಬಿಡುವ ವಾಂತಿಕಾರಕ ವಿಷ ಒಗ್ಗರಣೆಯ ಬಿಸಿಗೆ ಜಗ್ಗುವುದಿಲ್ಲ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ, ಎಂದರೆ ಸರಿಯಾಗಿ ಧಾರೆಯ ಹೊತ್ತಿಗೆ, ವಾಂತಿ ಶುರುವಾಗುತ್ತದೆ.

ಮನೆಯ ತಂಗಳನ್ನ ತಿಂದವರಿಗೆ ಏನೂ ಆಗುವುದಿಲ್ಲವಲ್ಲ ಎಂದು ಕೇಳಬಹುದು. ಉತ್ತರ ಪಾತ್ರೆಯ ಗಾತ್ರದಲ್ಲಿದೆ. ಒಂದು ಘನಾಕೃತಿಯ ಬಾಹುವನ್ನು ಇಮ್ಮಡಿ ಮಾಡಿದರೆ ಅದರ ಮೇಲ್ಮೈ ನಾಲ್ಕು ಪಟ್ಟು, ಗಾತ್ರ ಎಂಟು ಪಟ್ಟು ಆಗುತ್ತದೆ. ಶಾಖ ಹೊರಗೆ ಹೋಗಬೇಕಾದದ್ದು ಮೇಲ್ಮೈಯಿಂದ. ಆದ್ದರಿಂದ ಮನೆಯ ಬೋಗುಣಿಯ ಅನ್ನ ಬೇಗ ತಣ್ಣಗಾಗುತ್ತದೆ. ಮದುವೆಯ ಹಂಡೆಯ ಅನ್ನ ಹೊರಗೆ ತಣ್ಣಗೆ ಕಂಡರೂ ನಡುವೆ ರಾತ್ರಿಯಿಡೀ ಬೆಚ್ಚಗಿರುತ್ತದೆ. ಕ್ರಿಮಿಗಳಿಗೆ ಬೇಕಾದದ್ದೂ ಅದೇ.

ನೆನಪಿಡಬೇಕಾದ ಸಂಖ್ಯೆಗಳು ಮೂರು. ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗಿರಬೇಕು, ನಡುವಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. ಒಮ್ಮೆಗೇ ನೂರು ಕಿಲೋ ಬೇಯಿಸುವ ಬದಲು ಅರ್ಧವನ್ನು ಮೊದಲು ಬೇಯಿಸಿ, ಪಂಕ್ತಿಗಳ ಎಣಿಕೆ ನೋಡಿಕೊಂಡು ಉಳಿದದ್ದನ್ನು ಒಲೆಗೆ ಏರಿಸುವುದು ಜಾಣತನ. ಎಸರು ಕುದಿಯುತ್ತಿದ್ದರೆ ಹೊಸ ಅನ್ನ ಅರ್ಧ ಗಂಟೆಯ ಮಾತು.

ಅಷ್ಟಾದರೂ ಮಿಕ್ಕರೆ? ಹತ್ತಿರದ ಹಾಸ್ಟೆಲ್ಲಿಗೋ ಆಶ್ರಮಕ್ಕೋ ಮೊದಲೇ ಹೇಳಿಟ್ಟಿದ್ದು, ರಾತ್ರಿಯೇ ಬಿಸಿಯಿರುವಾಗ ಕಳಿಸಬೇಕು. ತಾವು ತಿನ್ನಲು ಹಿಂಜರಿಯುವ ಅನ್ನವನ್ನು ಬೆಳಿಗ್ಗೆ ಅನಾಥ ಮಕ್ಕಳಿಗೆ ಕಳಿಸಿ ಪುಣ್ಯ ಬಂತೆಂದುಕೊಳ್ಳುವುದು ದಾನವಲ್ಲ. ದನಗಳ ಮುಂದೆ ರಾಶಿ ಸುರಿಯುವುದೂ ಸರಿಯಲ್ಲ. ಹುಲ್ಲು ಅರಗಿಸುವ ಹೊಟ್ಟೆಗೆ ಒಮ್ಮೆಲೇ ಬುಟ್ಟಿಗಟ್ಟಲೆ ಅನ್ನ ಬಿದ್ದರೆ ಅದು ಹುಳಿತು ಆಮ್ಲವಾಗಿ ಹಸು ಸಾಯುವುದೂ ಉಂಟು.

ಕೈ, ಪಾತ್ರೆ, ನೀರು

ಹಾಲಿನ ಸಿಹಿ, ಫ್ರೂಟ್ ಸಲಾಡು ಮೊದಲಾದವುಗಳ ಶತ್ರು ಬೇರೆ. ಕೀವಾದ ಗಾಯದಲ್ಲಿ, ಮೂಗಿನಲ್ಲಿ ಇರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯ ಕೈಯ ಮೂಲಕ ಸಿಹಿಗೆ ಸೇರುತ್ತದೆ. ಅದರ ವಿಷವೂ ಬಿಸಿಗೆ ಹೆದರದು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಉಂಡೆ ಕಟ್ಟುತ್ತಿರುವವರನ್ನು ಕಂಡರೆ ಆ ದಿನಕ್ಕೆ ಬೇರೆ ಕೆಲಸಕ್ಕೆ ಹಚ್ಚಬೇಕು, ಆದರೆ ಅವರ ಕೂಲಿ ಕಡಿಯಬಾರದು. ಕಡಿದರೆ ಮುಂದಿನ ಮದುವೆಯಲ್ಲಿ ಅವರು ಗಾಯವನ್ನು ಮುಚ್ಚಿಡುತ್ತಾರೆ.

ಹಿತ್ತಾಳೆ, ತಾಮ್ರದ ಕೊಪ್ಪರಿಗೆಗಳಿಗೆ ಕಲಾಯಿ ಇದೆಯೇ ಎಂದು ಹಿಂದಿನವರು ಒಳಗೆ ಕೈಯಾಡಿಸಿ ನೋಡುತ್ತಿದ್ದರು. ಹುಣಿಸೆಹುಳಿ, ನಿಂಬೆರಸ, ಮಜ್ಜಿಗೆಗಳಲ್ಲಿರುವ ಆಮ್ಲ ಬರಿಯ ತಾಮ್ರವನ್ನು ಕರಗಿಸುತ್ತದೆ. ಕರಗಿದ ತಾಮ್ರ ಹೊಟ್ಟೆ ತೊಳಸುತ್ತದೆ. ತವರದ ತೆಳುವಾದ ಪದರ ಅದನ್ನು ತಡೆಯುತ್ತದೆ. ಬಾಡಿಗೆ ಪಾತ್ರೆ ಹಳೆಯ ಹಿತ್ತಾಳೆಯದಾದರೆ ಈ ಪರೀಕ್ಷೆ ಇಂದಿಗೂ ಬೇಕು.

ನೀರಿನ ಲೆಕ್ಕ ಇನ್ನೂ ಸುಲಭ. ಛತ್ರದ ತೊಟ್ಟಿಯ ತಿಳಿಯಾದ ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಬೆರೆಸಿ ಒಂದು ಗಂಟೆ ಬಿಡಬೇಕು. ನೀರು ಕದಡಿದ್ದರೆ ಈ ಉಪಾಯ ನಡೆಯದು. ಪೊಟ್ಟಣ ಬಹುದಿನ ತೆರೆದಿಟ್ಟದ್ದಾದರೆ ಅದರಲ್ಲಿ ಕ್ಲೋರಿನ್ನೇ ಉಳಿದಿರದು. ಕುಡಿಯುವ ನೀರಿಗೆ ಕ್ಯಾನು ತರಿಸಿ, ಪಾನಕಕ್ಕೆ ಮಾತ್ರ ಎಲ್ಲಿಯದೋ ಮಂಜುಗಡ್ಡೆ ಹಾಕುವವರಿದ್ದಾರೆ. ನೀರು ಹೆಪ್ಪುಗಟ್ಟಿದ ಮಾತ್ರಕ್ಕೆ ಅದರಲ್ಲಿದ್ದ ಕ್ರಿಮಿಗಳೆಲ್ಲ ಸಾಯುವುದಿಲ್ಲ.

ಚಪ್ಪರದ ಕೆಳಗೆ

2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗದ ಕಲ್ಯಾಣಮಂಟಪವೊಂದರಲ್ಲಿ ಮುಹೂರ್ತದ ಹೊತ್ತಿಗೆ ಬೆಂಕಿ ಬಿದ್ದು, ಉರಿಯುವ ಚಪ್ಪರ ಜನರ ಮೇಲೆಯೇ ಕುಸಿಯಿತು. ವರನೂ ಸೇರಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. 2023ರ ಸೆಪ್ಟೆಂಬರಿನಲ್ಲಿ ಇರಾಕಿನ ಹಮ್ದಾನಿಯಾದಲ್ಲಿ ಮದುವೆಯ ಸಭಾಂಗಣದೊಳಗೆ ಹಚ್ಚಿದ ಬಿರುಸಿನಿಂದ ಚಾವಣಿಯ ಅಲಂಕಾರ ಹೊತ್ತಿಕೊಂಡು ನೂರಕ್ಕೂ ಹೆಚ್ಚು ಜನ ಬಲಿಯಾದರು. ದೇಶ ಬೇರೆ, ಮತ ಬೇರೆ. ಎರಡು ಕಡೆಯೂ ತಲೆಯ ಮೇಲಿದ್ದದ್ದು ಸುಲಭವಾಗಿ ಉರಿಯುವ ವಸ್ತು.

ಹಸಿ ತೆಂಗಿನ ಗರಿಯ ಚಪ್ಪರ ಬೇಗ ಹೊತ್ತದು, ಒಣಗಿದ ಗರಿ ಹೊತ್ತುತ್ತದೆ. ಈಗಿನ ಪಾಲಿಯೆಸ್ಟರ್ ಪರದೆ ಉರಿದು ಕರಗಿ ಹನಿಹನಿಯಾಗಿ ಮೈಮೇಲೆ ಬೀಳುತ್ತದೆ. ಎಲ್ಇಡಿ ದೀಪಗಳು ಬಂದ ಮೇಲೆ ತಂತಿಯ ಮೇಲಿನ ಹೊರೆ ತಗ್ಗಿದೆ ನಿಜ. ಆದರೆ ಒಂದೇ ತಂತಿಗೆ ಧ್ವನಿವರ್ಧಕ, ಕಾಫಿ ಯಂತ್ರ, ಕೂಲರುಗಳನ್ನೆಲ್ಲ ಸಿಕ್ಕಿಸುವ ಚಾಳಿ ತಗ್ಗಿಲ್ಲ. ವಿದ್ಯುತ್ ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಟೇಪು ಸುತ್ತಿದ ಗಂಟು ಮೊದಲು ಸುಡುತ್ತದೆ, ಅದರ ಪಕ್ಕದಲ್ಲೇ ಪರದೆ ಇರುತ್ತದೆ. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರುಗಳನ್ನು ನೆಲಮಾಳಿಗೆಯ ಉಗ್ರಾಣದಲ್ಲಿ ಇಡುವುದು ಅಪಾಯ. ಅಲಂಕಾರದ ಬಲೂನುಗಳಲ್ಲಿ ಹೀಲಿಯಂ ಬದಲು ಅಗ್ಗದ ಜಲಜನಕ ತುಂಬಿದ್ದರೆ ಆರತಿಯ ಒಂದು ಕಿಡಿ ಸಾಕು.

ಹಿಂದಿನ ದಿನ ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಛತ್ರವನ್ನು ಒಂದು ಸುತ್ತು ಹಾಕಬೇಕು. ಎರಡನೆಯ ಬಾಗಿಲು ಎಲ್ಲಿದೆ? ಅದಕ್ಕೆ ಬೀಗ ಹಾಕಿ ಕುರ್ಚಿ ಪೇರಿಸಿದ್ದಾರೆಯೇ? ಮೇನ್ ಸ್ವಿಚ್ ಯಾವ ಗೋಡೆಗಿದೆ? ಬೆಂಕಿ ಆರಿಸುವ ಸಿಲಿಂಡರಿನ ಗಡುವು ಮುಗಿದಿದೆಯೇ? ಕುದಿಯುವ ಸಾರಿನ ಕೊಪ್ಪರಿಗೆಯ ಬಳಿ ಮಕ್ಕಳು ಸುಳಿಯದಂತೆ ಬಾಗಿಲಲ್ಲಿ ಯಾರನ್ನು ಕೂರಿಸುವುದು? ಹಾಗೂ ಕೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು, ಆಮೇಲೆ ಆಸ್ಪತ್ರೆಗೆ. ಟೂತ್‌ಪೇಸ್ಟು, ಶಾಯಿ, ಬೆಣ್ಣೆ ಯಾವುದೂ ಬೇಡ.

ಕೀಲಿಯ ಮಾತು

ಹಿಂದೆ ಪ್ರತಿ ಮದುವೆಯಲ್ಲಿಯೂ ಒಬ್ಬ ಚಿಕ್ಕಪ್ಪನೋ ದೊಡ್ಡಮ್ಮನೋ ಉಗ್ರಾಣದ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಅವರು ಮಂಟಪದ ಕಡೆ ಸುಳಿಯುತ್ತಿರಲಿಲ್ಲ. ಒಂದು ತೆಂಗಿನಕಾಯಿ ಹೊರಗೆ ಹೋದರೂ ಅವರಿಗೆ ಗೊತ್ತಾಗಬೇಕು. ತುಪ್ಪ ಮುಗ್ಗಿದರೆ ಮೊದಲು ಮೂಗಿಗೆ ತಿಳಿಯುತ್ತಿದ್ದದ್ದು ಅವರಿಗೇ. ಅಡಿಗೆ ಕಂಟ್ರಾಕ್ಟಿಗೆ ಹೋದ ಮೇಲೆ ಆ ಕೀಲಿಯೂ ಹೋಯಿತು. ಈಗ ಕೇಳುವುದು 'ಎಲೆಗೆ ಎಷ್ಟು?' ಎಂಬ ಒಂದೇ ಪ್ರಶ್ನೆ. 2006ರ ಆಹಾರ ಸುರಕ್ಷತೆ ಕಾಯಿದೆಯ ಪ್ರಕಾರ ಅಡಿಗೆ ಕಂಟ್ರಾಕ್ಟರಿಗೆ ನೋಂದಣಿ ಅಥವಾ ಪರವಾನಗಿ ಇರಬೇಕು. ಅದನ್ನು ನೋಡಲು ಕೇಳುವುದರಲ್ಲಿ ಅವಮಾನವೇನಿಲ್ಲ. ಅಡ್ವಾನ್ಸು ಕೊಡುವ ಮೊದಲೇ ರಾತ್ರಿಯ ಅನ್ನ ಬೆಳಿಗ್ಗೆ ಬಳಸಕೂಡದೆಂದು ಮಾತಾಗಬೇಕು, ಅದನ್ನು ನೋಡಿಕೊಳ್ಳಲು ಮನೆಯವರೊಬ್ಬರು ಇರಬೇಕು.

ಧಾರೆ ಮುಗಿದ ಮೇಲೆ ಮುತ್ತೈದೆಯರು ವಧೂವರರಿಗೆ ಕೆಂಪು ಆರತಿ ಎತ್ತುತ್ತಾರೆ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದೊಡನೆ ಹಳದಿ ಕೆಂಪಾಗುತ್ತದೆ. ಅರಿಸಿನದಲ್ಲಿರುವ ಕುರ್ಕುಮಿನ್ ಪ್ರತ್ಯಾಮ್ಲ ತಗುಲಿದರೆ ಬಣ್ಣ ಬದಲಿಸುತ್ತದೆ. ಶಾಲೆಯ ಲಿಟ್ಮಸ್ ಕಾಗದ ಮಾಡುವ ಕೆಲಸವೇ ಇದು. ದೃಷ್ಟಿ ತಾಗದಿರಲೆಂದು ಆ ನೀರನ್ನು ಬಾಗಿಲಾಚೆ ಚೆಲ್ಲುತ್ತಾರೆ. ಚೆಲ್ಲಲಿ, ನೋಡಲು ಚೆಂದ. ಅದೇ ಹೊತ್ತಿಗೆ ಹಿತ್ತಲಿನಲ್ಲಿ ಯಾರೋ ಒಬ್ಬರು ರಾತ್ರಿಯ ಹಂಡೆಯ ಮುಚ್ಚಳ ತೆಗೆದು, ಒಳಗೆ ಏನೂ ಉಳಿದಿಲ್ಲವೆಂದು ನೋಡಿ, ಅದನ್ನು ತೊಳೆಯಲು ಹಾಕಿದ್ದರೆ ಆ ಮದುವೆಗೆ ಯಾವ ದೃಷ್ಟಿಯೂ ತಾಗಲಿಕ್ಕಿಲ್ಲ.