ಮೊದಲಿನ ಹಾಗಿಲ್ಲ

ಹುಂಚದಿಂದ ತೀರ್ಥಹಳ್ಳಿ ಕಡೆ ಹೋದರೂ ಅಷ್ಟೆ, ಹೊಸನಗರ ದಾಟಿ ಸಾಗರದ ಕಡೆ ಹೋದರೂ ಅಷ್ಟೆ. ಯಕ್ಷಗಾನದ ಮಾತು ಬಂತೆಂದರೆ ಐವತ್ತು ದಾಟಿದವರ ಬಾಯಲ್ಲಿ ತೀರ್ಪು ಸಿದ್ಧವಾಗಿರುತ್ತದೆ: “ಕಾಳಿಂಗ ನಾವಡ್ರು ಹೋದ್ಮೇಲೆ ಭಾಗವತಿಕೆ ಅಂತ ಎಲ್ಲಿದೆ ಮಾರಾಯ?” ಹೀಗೆ ಹೇಳುವವರು ಆಟ ನೋಡುವುದನ್ನು ಬಿಟ್ಟವರೇನಲ್ಲ. ಪ್ರತಿ ವರ್ಷ ಟೆಂಟಿನ ಮೇಳ ಬಂದಾಗ ಟಿಕೆಟ್ ತೆಗೆದು, ಬೆಳಗಿನ ತನಕ ಕೂತು, ಎದ್ದು ಬರುವಾಗ ಹೊಸ ಪ್ರಸಂಗವನ್ನು ಬೈದವರೇ. ಮುಂದಿನ ವರ್ಷ ಮತ್ತೆ ಟಿಕೆಟ್ ತೆಗೆದವರೂ ಅವರೇ. ಈ ನಿಷ್ಠೆ, ಈ ಗೊಣಗಾಟ ಎರಡೂ ಒಬ್ಬನೇ ಮನುಷ್ಯನಲ್ಲಿ ಹೇಗೆ ಕೂಡಿಕೊಂಡಿರುತ್ತವೆ? ಅದಕ್ಕಿಂತ ಮುಖ್ಯವಾಗಿ, ಮೆಚ್ಚಿದ ಹಾಡುಗಾರ ಹೊಸತೇನನ್ನಾದರೂ ತಂದು ಮುಂದಿಟ್ಟಾಗ ಗೊಣಗುವ ಹಕ್ಕು ಅಭಿಮಾನಿಗೆ ಉಂಟೆ?

ಬೇರೆ ಕಡೆ ಗಾಯಕರು ಆಲ್ಬಂ ತರುತ್ತಾರೆ. ನಮ್ಮ ಕಡೆ ಟೆಂಟಿನ ಮೇಳಗಳು ವರ್ಷಕ್ಕೊಂದಾದರೂ ಹೊಸ ಪ್ರಸಂಗ ತರುತ್ತವೆ. ಎರಡರಲ್ಲೂ ಕೇಳುವವನ ಪಾಡು ಒಂದೇ. 1966ರಲ್ಲಿ ಮ್ಯಾಂಚೆಸ್ಟರಿನ ಸಭಾಂಗಣದಲ್ಲಿ ಜಾನಪದ ಶೈಲಿಯ ಹಾಡುಗಾರರೆಂದು ಹೆಸರಾಗಿದ್ದ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತಾಗ ಪ್ರೇಕ್ಷಕನೊಬ್ಬ ಯೇಸುವಿಗೆ ದ್ರೋಹ ಬಗೆದ ಯೂದನ ಹೆಸರು ಹಿಡಿದು ಕೂಗಿದ. ಕೂಗಿದವನು ಡಿಲನ್ನರ ಶತ್ರುವಾಗಿರಲಿಲ್ಲ, ಟಿಕೆಟ್ ಕೊಟ್ಟು ಒಳಗೆ ಬಂದ ಅಭಿಮಾನಿ. ಪರಕೀಯ ಮಾಡಿದ್ದು ಯಾರಿಗೂ ದ್ರೋಹ ಅನ್ನಿಸುವುದಿಲ್ಲ.

ನಾವಡರ ವಿಷಯಕ್ಕೆ ಬರೋಣ. ಗುಂಡ್ಮಿಯಲ್ಲಿ 1958ರಲ್ಲಿ ಹುಟ್ಟಿದವರು. ತಂದೆ ರಾಮಚಂದ್ರ ನಾವಡರೂ ಭಾಗವತರೇ. ನಾರ್ಣಪ್ಪ ಉಪ್ಪೂರರಂಥ ಗುರುವಿನ ಬಳಿ ಬಡಗುತಿಟ್ಟಿನ ಕಟ್ಟುನಿಟ್ಟು ಕಲಿತು ಬಂದ ಹುಡುಗ ಸಾಲಿಗ್ರಾಮ ಮೇಳದಲ್ಲಿ ಕೂತು ಹಾಡತೊಡಗಿದಾಗ ಘಟ್ಟದ ಮೇಲೂ ಕೆಳಗೂ ಜನ ಮೇಳದ ಹೆಸರು ಬಿಟ್ಟು ಭಾಗವತರ ಹೆಸರು ಕೇಳಿ ಆಟಕ್ಕೆ ಹೋಗುವಂತಾಯಿತು. ಯಕ್ಷಗಾನದಲ್ಲಿ ಬಳಕೆಯಿಲ್ಲದ ರಾಗಗಳನ್ನು ತಂದರು, ಶ್ರುತಿ ಏರಿಸಿದರು, ಪದ್ಯದ ನಡುವೆ ಆಲಾಪನೆಗೆ ಜಾಗ ಮಾಡಿಕೊಂಡರು. ಸಾಲದ್ದಕ್ಕೆ ತಾವೇ ಪ್ರಸಂಗ ಬರೆದರು. ‘ನಾಗಶ್ರೀ’ಯಂಥವು ಪುರಾಣದ ಕತೆಯಲ್ಲ, ಕಟ್ಟಿದ ಕತೆ. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ.

ಈಗ ಮರೆತುಹೋಗಿರುವ ಸಂಗತಿಯೆಂದರೆ, ನಾವಡರು ಬದುಕಿದ್ದಾಗ ಅವರಿಗೂ ಇದೇ ಮಾತು ಬಂದಿತ್ತು. ಇದು ಪದ್ಯವಲ್ಲ, ಸಂಗೀತ ಕಚೇರಿ. ಪುರಾಣ ಬಿಟ್ಟು ಕಟ್ಟುಕತೆಗೆ ಹೋದರೆ ಆಟ ನಾಟಕವಾಗುತ್ತದೆ. ಉಪ್ಪೂರರ ಶಿಷ್ಯನಾಗಿ ಹೀಗೆ ಹಾಡುವುದೆ? ಹಳೆಯ ಮಟ್ಟಿನ ಮೇಲೆ ಪ್ರಾಣವಿಟ್ಟುಕೊಂಡಿದ್ದ ಹಿರಿಯರ ದೂರು ಹೀಗಿತ್ತು. ಆ ಹಿರಿಯರು ಯಾವುದನ್ನು ಕೆಟ್ಟ ಹೊಸತನ ಅಂದರೋ ಅದನ್ನೇ ಅವರ ಮೊಮ್ಮಕ್ಕಳು ಈಗ ಪರಂಪರೆ ಎಂದು ಹಿಡಿದುಕೊಂಡು ಇಂದಿನ ಭಾಗವತರನ್ನು ಅಳೆಯುತ್ತಿದ್ದಾರೆ. ‘ಮೊದಲಿನ ಹಾಗಿಲ್ಲ’ ಅನ್ನುವವರನ್ನು ‘ಯಾವ ಮೊದಲು?’ ಎಂದು ಒಮ್ಮೆ ಕೇಳಬೇಕು. ಬಹುತೇಕ ಅದು ಕೇಳುಗನ ಇಪ್ಪತ್ತರ ಪ್ರಾಯ. ಗದ್ದೆಯ ಕೊಯ್ಲು ಮುಗಿದು, ಕಂಬಳಿ ಹೊದ್ದು, ಗೆಳೆಯರ ಜೊತೆ ಕಾಡುದಾರಿಯಲ್ಲಿ ನಡೆದು ಹೋಗಿ ನೋಡಿದ ಆಟ. ಆ ರಾತ್ರಿಯಲ್ಲಿ ಭಾಗವತರ ಪಾಲೆಷ್ಟು, ಪ್ರಾಯದ ಪಾಲೆಷ್ಟು ಎಂದು ಬಿಡಿಸಿ ಹೇಳಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಈ ಬಗೆಯ ದೂರಿಗೆ ಹಾಡುಗಾರ ಉತ್ತರ ಕೊಡಬೇಕಾದ್ದೇ ಇಲ್ಲ. ಕಳೆದುಹೋದ ಪ್ರಾಯವನ್ನು ವಾಪಸು ತಂದುಕೊಡುವುದು ಅವನ ಕೆಲಸವಲ್ಲ.

ಇದಕ್ಕೆ ಕ್ಯಾಸೆಟ್ಟು ಬೇರೆ ಸೇರಿಕೊಂಡಿತು. ಅದಕ್ಕೆ ಮುಂಚೆ ಹಳೆಯ ಭಾಗವತರ ಪದ್ಯ ನೆನಪಿನಲ್ಲಿ ಮಾತ್ರ ಉಳಿಯುತ್ತಿತ್ತು, ವರ್ಷ ಕಳೆದಂತೆ ಮಸುಕಾಗುತ್ತಿತ್ತು, ಹೊಸಬನಿಗೆ ಜಾಗ ಬಿಟ್ಟುಕೊಡುತ್ತಿತ್ತು. ಎಂಬತ್ತರ ದಶಕದಲ್ಲಿ ರಂಗಸ್ಥಳದ ಪಕ್ಕ ಟೇಪ್ ರೆಕಾರ್ಡರ್ ಬಂದು ಕೂತ ಮೇಲೆ ಹಾಗಾಗಲಿಲ್ಲ. ಯಾವುದೋ ಊರಿನಲ್ಲಿ, ಯಾವುದೋ ಒಂದು ರಾತ್ರಿ, ಎದುರಿಗೆ ಒಳ್ಳೆಯ ವೇಷಧಾರಿ ಸಿಕ್ಕಿ, ಮದ್ದಳೆಯವರೂ ಹುರುಪಿನಲ್ಲಿದ್ದು ಕೂಡಿಬಂದ ಒಂದು ಪದ್ಯ ಸಾವಿರ ಮನೆಗಳಲ್ಲಿ ಸಾವಿರ ಸಲ ಕೇಳಿ ಅಚ್ಚಾಗಿಬಿಟ್ಟಿತು. ಅದೇ ಪದ್ಯವನ್ನು ಅದೇ ಭಾಗವತರು ಮರುದಿನ ಬೇರೆ ಊರಿನಲ್ಲಿ ಬೇರೆ ರೀತಿ ಹಾಡಿರುತ್ತಾರೆ. ಶೀತವಾಗಿ ಗಂಟಲು ಕಟ್ಟಿದ ರಾತ್ರಿಗಳು, ಮುಮ್ಮೇಳ ಹಿಮ್ಮೇಳ ಒಂದಕ್ಕೊಂದು ಹೊಂದದ ರಾತ್ರಿಗಳು ಕ್ಯಾಸೆಟ್ಟಿಗೆ ಬರಲೇ ಇಲ್ಲ, ಬಂದರೂ ಉಳಿಯಲಿಲ್ಲ. ಹೊಸ ಭಾಗವತರು ಪೈಪೋಟಿ ಮಾಡಬೇಕಾದ್ದು ಹೀಗೆ ಆರಿಸಿ ಉಳಿದ ರಾತ್ರಿಗಳ ಜೊತೆ.

ತೀರಿಹೋದವರ ಮೇಲಿನ ಅಭಿಮಾನಕ್ಕೆ ಖರ್ಚಿಲ್ಲ. ಅವರು ಇನ್ನು ಹೊಸ ಪ್ರಸಂಗ ತಂದು ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲ. ಬದುಕಿ ಹಾಡಿದವರ ಪಾಡು ಬೇರೆ. ಸುಬ್ರಹ್ಮಣ್ಯ ಧಾರೇಶ್ವರರನ್ನೇ ನೋಡಿ. ನಾವಡರ ಓರಗೆಯವರೇ, 1957ರಲ್ಲಿ ಹುಟ್ಟಿದವರು. ಮೇಳದಲ್ಲಿ ದೀಪದ ಕೆಲಸದಿಂದ ಶುರುಮಾಡಿ ಭಾಗವತರಾಗಿ, ಪೆರ್ಡೂರು ಮೇಳದಲ್ಲಿ ಎರಡೂವರೆ ದಶಕಕ್ಕೂ ಮೀರಿ ಹಾಡಿ, 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅಷ್ಟು ವರ್ಷವೂ ಅವರು ಹೊಸ ಪ್ರಸಂಗಗಳನ್ನು ರಂಗಕ್ಕೆ ಹೊಂದಿಸಿ ಕೊಟ್ಟರು, ಹೊಸ ರಾಗಗಳನ್ನು ತಂದರು; ಅವರ ಕಂಠವನ್ನು ಪೂಜಿಸುತ್ತಿದ್ದವರ ಬಾಯಿಂದಲೇ ಅಷ್ಟು ವರ್ಷವೂ ‘ಇದೆಲ್ಲ ಯಾಕೆ ಬೇಕಿತ್ತು’ ಕೇಳಿದರು. ನಾವಡರು 1990ರ ಆಚೆ ಇನ್ನೂ ಮೂವತ್ತು ವರ್ಷ ಹಾಡಿದ್ದರೆ? ಅವರ ಸ್ವಭಾವ ನೋಡಿದರೆ ಸುಮ್ಮನೆ ಕೂರುತ್ತಿರಲಿಲ್ಲ. ಇನ್ನೇನೇನೋ ಮಾಡುತ್ತಿದ್ದರು, ಅದರಲ್ಲಿ ಅರ್ಧ ನಮಗೆ ರುಚಿಸುತ್ತಿರಲಿಲ್ಲ. ಅವರನ್ನು ತೋರಿಸಿ ಇಂದಿನವರನ್ನು ಹಳಿಯುವವರು ಆಗ ಅವರನ್ನೇ ಹಳಿಯುತ್ತಿದ್ದರು ಎಂದು ಧೈರ್ಯವಾಗಿ ಹೇಳಬಲ್ಲೆ.

ಹಾಗಾದರೆ ಗೊಣಗಾಟವೆಲ್ಲ ಪೊಳ್ಳೆ? ಅಲ್ಲ. ದೂರಿನಲ್ಲಿ ಇನ್ನೊಂದು ಜಾತಿಯಿದೆ. ಯಕ್ಷಗಾನದಲ್ಲಿ ಪದ್ಯ ಒಂಟಿಯಾಗಿ ನಿಲ್ಲುವ ವಸ್ತುವಲ್ಲ. ಎದುರಿಗೆ ಒಂದು ವೇಷವಿದೆ, ಒಂದು ಸನ್ನಿವೇಶವಿದೆ, ತಾಳದ ನಡೆಯಿದೆ. ಕೃಷ್ಣಸಂಧಾನದಲ್ಲಿ ಕೌರವ ಸಿಟ್ಟಿನಿಂದ ಏಳುವ ಹೊತ್ತಿಗೆ ಏರುಪದ್ಯ ಬೇಕು; ಅಲ್ಲಿ ಭಾಗವತರು ರಾಗ ಎಳೆಯುತ್ತ ಕೂತರೆ ವೇಷಧಾರಿ ಕಿರೀಟ ಹೊತ್ತು ಸುಮ್ಮನೆ ನಿಲ್ಲಬೇಕಾಗುತ್ತದೆ, ಸಿಟ್ಟು ಅಲ್ಲೇ ಆರುತ್ತದೆ. ಹೀಗಾದಾಗ ಎದ್ದು ಬೈಯುವ ಪ್ರೇಕ್ಷಕ ನೆನಪಿನ ಬಲದ ಮೇಲೆ ಬೈಯುತ್ತಿಲ್ಲ. ಕಣ್ಣೆದುರು ನಡೆದ ತಪ್ಪನ್ನು ಹಿಡಿಯುತ್ತಿದ್ದಾನೆ. ಹೊಸ ಪ್ರಸಂಗಕ್ಕೂ ಇದೇ ಅಳತೆ ಸಾಕು. ಕತೆ ಎಲ್ಲಿಂದ ಬಂತು ಅನ್ನುವುದು ದೊಡ್ಡ ಮಾತಲ್ಲ. ‘ಬಾಹುಬಲಿ’ ಸಿನಿಮಾದ ಕತೆ ಬೇರೆ ಹೆಸರು ಹೊತ್ತು ಮೇಳಕ್ಕೆ ಬಂದಾಗ ಜನ ನಕ್ಕರು. (ಹುಂಚದವರಿಗೆ ಅದು ಇನ್ನಷ್ಟು ತಮಾಷೆ. ಅವರ ಗುಡ್ಡದ ಬಸದಿಯ ಬಾಹುಬಲಿ ವಿಕ್ರಮ ಸಾಂತರನ ಕಾಲದವನು, ಸಾವಿರದ ನೂರು ವರ್ಷ ಮೀರಿದವನು, ರಾಜ್ಯ ಗೆದ್ದೂ ಬಿಟ್ಟವನು. ಸಿನಿಮಾದವನು ಕತ್ತಿ ಕೆಳಗಿಡುವುದೇ ಇಲ್ಲ.) ಆದರೆ ಕೇಳಬೇಕಾದ ಪ್ರಶ್ನೆ ಇಷ್ಟೇ: ಆ ಕತೆಯಲ್ಲಿ ಒಡ್ಡೋಲಗಕ್ಕೆ, ಅಭಿನಯಕ್ಕೆ, ಅರ್ಥಗಾರಿಕೆಗೆ ಜಾಗವಿದೆಯೆ, ಬರೀ ಡೈಲಾಗಿಗೆ ಮಾತ್ರವೆ? ಶಿವರಾಮ ಕಾರಂತರು ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದು ಮಾತನ್ನೇ ತೆಗೆದುಹಾಕಿದಾಗಲೂ ಜಗಳ ತೂಕದ್ದಾಗಿದ್ದು ಆಟದ ಒಳಗಿನ ಪ್ರಶ್ನೆಗಳನ್ನು ಹಿಡಿದು ವಾದಿಸಿದವರಿಂದ. ‘ಅಜ್ಜನ ಕಾಲದಲ್ಲಿ ಇರಲಿಲ್ಲ’ ಅಂದವರಿಂದ ಏನೂ ಹುಟ್ಟಲಿಲ್ಲ.

ಭಾವಗೀತೆಯಲ್ಲೂ ಇದೇ ಕತೆ, ಸ್ವಲ್ಪ ಮೃದುವಾಗಿ. 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ ಒಂದೊಂದು ಕವಿತೆಗೆ ಒಂದೊಂದು ದಾಟಿ ಅಂಟಿಕೊಂಡಿತು. ಆಮೇಲೆ ಬೇರೆಯವರು ಅದೇ ಕವಿತೆಗೆ ಬೇರೆ ದಾಟಿ ಕಟ್ಟಿದರೆ, ಎಷ್ಟು ಚೆನ್ನಾಗಿದ್ದರೂ, ಮೊದಲು ಕೇಳಿದ್ದಕ್ಕೇ ಜನ ಕಟ್ಟುಬಿದ್ದರು. ಹೊಸನಗರ ತಾಲ್ಲೂಕಿನದೇ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರು ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಮೇಲೆ ಎಷ್ಟೋ ಕವಿಗಳನ್ನು ಹಾಡಿದರು. ಸಭೆ ಮಾತ್ರ ಎಲ್ಲಿ ಹೋದರೂ ಆ ಕುದುರೆಯನ್ನೇ ಕೇಳಿತು. ಅದು ಪ್ರೀತಿಯೇ. ಆದರೆ ಹಾಡುಗಾರನನ್ನು ಒಂದೇ ಗೂಟಕ್ಕೆ ಕಟ್ಟಿಹಾಕುವ ಪ್ರೀತಿ.

ಇನ್ನೊಂದು ತುದಿಯ ಅಭಿಮಾನವೂ ಇದೆ, ಅದರ ಕತೆ ಹುಂಚದಂಥ ಜೈನ ನೆಲೆಗೆ ಹೊಸತಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯ ಅಮೃತಮತಿ ಕನ್ನಡ ಸಾಹಿತ್ಯದ ಅತ್ಯಂತ ತೀವ್ರ ಕೇಳುಗಾರ್ತಿ. ರಾತ್ರಿಯ ಕೊನೆಯ ಹೊತ್ತಿನಲ್ಲಿ ಮಾವಟಿಗ ಅಷ್ಟಾವಂಕನ ಹಾಡು ಕಿವಿಗೆ ಬೀಳುತ್ತದೆ. ಮುಖ ನೋಡದೆ ಮನಸ್ಸು ಕೊಟ್ಟುಬಿಡುತ್ತಾಳೆ. ನೋಡಿ ಬಂದ ಕೆಳದಿ ಅವನ ವಿಕಾರ ರೂಪವನ್ನು ಬಣ್ಣಿಸಿದರೂ ರಾಣಿ ಕದಲುವುದಿಲ್ಲ. ಅಲ್ಲಿಯವರೆಗೆ ನನಗೂ ಅವಳ ಮೇಲೆ ಗೌರವವೇ. ಸ್ವರ ಮೆಚ್ಚಿದವಳು ರೂಪ ನೋಡಿ ಹಿಂದೆಗೆಯಲಿಲ್ಲ. ಆದರೆ ತಡವಾಗಿ ಬಂದಳೆಂದು ಅವನು ಕೂದಲು ಹಿಡಿದೆಳೆದು ಹೊಡೆಯುವಾಗಲೂ ಅವನ ಕಾಲ ಬಳಿ ಬಿದ್ದು ಅಂಗಲಾಚುತ್ತಾಳಲ್ಲ, ಆ ಹೊತ್ತಿಗೆ ಹಾಡೇ ಉಳಿದಿಲ್ಲ. ಸ್ವರಕ್ಕೆ ಒಲಿದವಳು ಈಗ ಆಳಿಗೆ ಅಂಟಿಕೊಂಡಿದ್ದಾಳೆ. ನಮ್ಮ ಕಾಲದಲ್ಲಿ ಭಾಗವತರ ಹೆಸರಿನಲ್ಲಿ ಬಳಗ ಕಟ್ಟಿಕೊಂಡು, ಅವರು ಏನು ಹಾಡಿದರೂ ಸೀಟಿ ಹೊಡೆದು, ಚಿಕ್ಕ ಆಕ್ಷೇಪಣೆ ಬಂದರೂ ಮೈಮೇಲೆ ಬೀಳುವ ಹುಡುಗರನ್ನು ನೋಡಿದರೆ ಅವಳ ನೆನಪಾಗುತ್ತದೆ. ಇಂಥವರಿಂದ ಭಾಗವತರಿಗೆ ಏನೂ ತಿಳಿಯುವುದಿಲ್ಲ. ಒಳ್ಳೆಯ ಪದ್ಯಕ್ಕೂ ಕೆಟ್ಟದ್ದಕ್ಕೂ ಒಂದೇ ಸೀಟಿ ಬಂದರೆ ಯಾವುದು ಯಾವುದೆಂದು ಅವರು ಹೇಗೆ ಅರಿಯಬೇಕು?

ಬೈಯುತ್ತಲೇ ಟಿಕೆಟ್ ತೆಗೆಯುವವನನ್ನು ನಾನು ಮೇಲಿಡುವುದು ಈ ಕಾರಣಕ್ಕೆ. ಮಲೆನಾಡಿನಲ್ಲಿ ಎರಡು ಬಗೆಯ ಆಟಗಳನ್ನು ಹೋಲಿಸಿ ನೋಡಬಹುದು. ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳು ಹರಕೆಯ ಆಟ ಆಡುತ್ತವೆ. ಹರಕೆ ಹೊತ್ತವನು ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುತ್ತಾನೆ. ಆಟ ದೇವರಿಗೆ ಸಲ್ಲುತ್ತದೆ. ಊರವರು ಪುಕ್ಕಟೆ ನೋಡುತ್ತಾರೆ. ಅಲ್ಲಿ ಭಾಗವತರಿಗೆ ಪ್ರೇಕ್ಷಕನ ಭಯವಿಲ್ಲ, ಅವನನ್ನು ಒಲಿಸಿಕೊಳ್ಳುವ ಹಂಗೂ ಇಲ್ಲ. ಇಷ್ಟು ಸ್ವಾತಂತ್ರ್ಯವಿದ್ದ ಕಡೆ ಹೊಸತು ಹುಟ್ಟಬೇಕಿತ್ತಲ್ಲ? ಹುಟ್ಟಿದ್ದು ಕಡಿಮೆ. ಹರಕೆಯ ಆಟ ಹಳೆಯದನ್ನು ಕಾಪಾಡಿತು, ಅದು ಸಣ್ಣ ಕೆಲಸವಲ್ಲ. ಆದರೆ ‘ನಾಗಶ್ರೀ’ ಬಂದದ್ದು, ಹೊಸ ರಾಗಗಳು ಬಂದದ್ದು ಟೆಂಟಿನೊಳಗೆ. ಟಿಕೆಟ್ ಕೊಟ್ಟವನು ನಡುರಾತ್ರಿ ಎದ್ದು ಹೋಗಬಹುದಾದ ಕಡೆ, ಹೋಗಿ ಊರೆಲ್ಲ ಬೈಯಬಹುದಾದ ಕಡೆ. ಅವನ ಅಸಮಾಧಾನವೇ ನಾವಡರಂಥವರನ್ನು ಕಳೆದ ವರ್ಷ ಗೆದ್ದ ಪದ್ಯದ ಮೇಲೆ ಕೂತಿರಲು ಬಿಡಲಿಲ್ಲ. ಹಾಗೆಂದು ಅಭಿಮಾನಿಗೆ ಪೂರ್ತಿ ಒಳ್ಳೆಯ ಹೆಸರು ಕೊಡಲಾಗುವುದಿಲ್ಲ. ಪುರಾಣಪ್ರಸಂಗ ಹಾಕಿದ ರಾತ್ರಿ ಟೆಂಟಿನ ಕಡೆ ಬಾರದೆ, ಸಿನಿಮಾ ಕತೆಯ ರಾತ್ರಿ ಮುಂದಿನ ಸಾಲಿನ ಕುರ್ಚಿ ಹಿಡಿದು, ಬೆಳಗ್ಗೆ ಚಹಾದಂಗಡಿಯಲ್ಲಿ ಪರಂಪರೆ ಹಾಳಾಯಿತು ಅಂದವನೂ ಅವನೇ. ಮೇಳದ ಯಜಮಾನರು ಬಾಯಿಮಾತಿಗಿಂತ ಗಲ್ಲಾಪೆಟ್ಟಿಗೆಯ ಮಾತು ಕೇಳಿದರೆ ಅವರನ್ನು ದೂರುವುದು ಕಷ್ಟ.

ಈಗ ಈ ಲೆಕ್ಕಾಚಾರವೇ ಬದಲಾಗುತ್ತಿದೆ. ಬಡಗಿನಲ್ಲಿ ಟೆಂಟಿನ ಮೇಳವೆಂದರೆ ಸಾಲಿಗ್ರಾಮ, ಪೆರ್ಡೂರು ಎಂದು ಎಣಿಸಿ ಮುಗಿಸುವಷ್ಟಾಗಿದೆ. ಇಡೀ ರಾತ್ರಿ ಕೂರುವವರು ಕಡಿಮೆಯಾದರು, ಆಟಗಳೂ ನಡುರಾತ್ರಿಗೆ ಮುಗಿಯತೊಡಗಿದವು. ಅಭಿಮಾನ ಮೊಬೈಲಿಗೆ ಬಂದಿದೆ. ಯಾರೋ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದ ಮೂರು ನಿಮಿಷದ ಪದ್ಯ ನೋಡಿ ಜನ ಹೊಗಳುತ್ತಾರೆ, ತೆಗಳುತ್ತಾರೆ. ಆ ಮೂರು ನಿಮಿಷದಲ್ಲಿ ಹಿಂದಿನ ಸನ್ನಿವೇಶ ಇರುವುದಿಲ್ಲ, ಮುಂದಿನ ಅರ್ಥವೂ ಇರುವುದಿಲ್ಲ. ಪದ್ಯ ಸಂದರ್ಭಕ್ಕೆ ಹೊಂದಿತೆ ಎಂದು ಕೇಳುವ ಪ್ರಶ್ನೆಗೇ ಅಲ್ಲಿ ಎಡೆಯಿಲ್ಲ; ಕಂಠ ಎಷ್ಟು ಎತ್ತರಕ್ಕೆ ಹೋಯಿತು, ಎಷ್ಟು ಹೊತ್ತು ನಿಂತಿತು ಅನ್ನುವುದಷ್ಟೇ ಉಳಿಯುತ್ತದೆ. ರಾತ್ರಿ ಕೂರದವನ, ಟಿಕೆಟ್ ಕೊಡದವನ ‘ಮೊದಲಿನ ಹಾಗಿಲ್ಲ’ಕ್ಕೆ ಭಾಗವತರು ಕಿವಿಗೊಡಬೇಕಾಗಿಲ್ಲ ಎಂದೇ ನನ್ನ ಅನಿಸಿಕೆ. ಆದರೆ ಅವರು ಕಿವಿಗೊಡದೆ ಇರುವುದೂ ಸುಲಭವಿಲ್ಲ. ಅತಿಥಿ ಭಾಗವತರಾಗಿ ಯಾರನ್ನು ಕರೆಸಬೇಕು, ಎಷ್ಟು ಸಂಭಾವನೆ ಕೊಡಬೇಕು ಎಂದು ಸಂಘಟಕರು ಕೂತು ಮಾತಾಡುವಾಗ ಕೈಯಲ್ಲಿ ಹಿಡಿದು ನೋಡುವುದು ಅವೇ ತುಣುಕುಗಳನ್ನು.