ಅಧಿಕಪ್ರಸಂಗಿ ಅಂದ್ರೆ ಯಾರು?

ಕ್ಲಾಸಲ್ಲಿ ಎರಡನೇ ಸಲ ಡೌಟ್ ಕೇಳಿದ್ರೆ ಅಧಿಕಪ್ರಸಂಗ. ವೈವಾದಲ್ಲಿ ‘ಯಾಕೆ ಸರ್?’ ಅಂದ್ರೂ ಅಧಿಕಪ್ರಸಂಗ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನಂಥವರು ಈ ಪದಾನ ಬೈಗುಳ ಅಂತಲೇ ಕಲಿತಿರೋದು. ಬಿಡಿಸಿ ನೋಡಿದ್ರೆ ಒಳಗೆ ಬೈಗುಳವೇ ಇಲ್ಲ. ಅಧಿಕ ಅಂದ್ರೆ ಹೆಚ್ಚು, ಪ್ರಸಂಗ ಅಂದ್ರೆ ಸಂದರ್ಭ, ಮಾತಿಗೆ ಬಂದ ವಿಷಯ. ಬೇಕಾದ್ದಕ್ಕಿಂತ ಹೆಚ್ಚು ಮಾತಾಡೋದು, ಅಷ್ಟೇ. ತಮಿಳಲ್ಲೂ ಇದೇ ಪದದಲ್ಲಿ ಬೈತಾರೆ.

ಆದರೆ ‘ಹೆಚ್ಚು’ ಅಂತ ಅಳೆಯೋದು ಯಾರು? ಈ ಪದ ಯಾವಾಗಲೂ ದೊಡ್ಡವರಿಂದ ಚಿಕ್ಕವರ ಕಡೆಗೇ ಬರುತ್ತೆ. ಎರಡು ಗಂಟೆ ಭಾಷಣ ಮಾಡಿದ ಮುಖ್ಯ ಅತಿಥಿಗೆ ಯಾರೂ ಅಧಿಕಪ್ರಸಂಗಿ ಅನ್ನಲ್ಲ.

ಕನ್ನಡದಲ್ಲಿ ಪದಗಳಿಗೆ ಬರ ಇಲ್ಲ. ಗರ್ವಕ್ಕೆ ಸೊಕ್ಕು ಇದೆ, ಸುಮ್ನೆ ಕಾಟ ಕೊಡೋದಕ್ಕೆ ತಲೆಹರಟೆ ಇದೆ. ಕಾಪಿ ಹೊಡೆದ ಅಸೈನ್‌ಮೆಂಟ್ ಕೊಟ್ಟು ಮಾರ್ಕ್ಸ್ ಕಮ್ಮಿ ಆಯ್ತು ಅಂತ ಜಗಳಕ್ಕೆ ನಿಲ್ಲೋದು ಭಂಡತನ. ಬೋರ್ಡ್ ಮೇಲೆ ಪ್ಲಸ್ ಬದಲು ಮೈನಸ್ ಬರಬೇಕಿತ್ತು ಅನ್ನೋದು ಇದ್ಯಾವುದೂ ಅಲ್ಲ.

ಯಕ್ಷಗಾನದಲ್ಲಿ ಕಥೆಗೇ ಪ್ರಸಂಗ ಅಂತಾರೆ. ಅಲ್ಲಿ ಹಾಸ್ಯಗಾರ ರಾಜನ ಎದುರೇ ನಿಂತು ಕೊಂಕು ಮಾತಾಡ್ತಾನೆ, ಜನ ನಗ್ತಾರೆ. ರಾಜನ ಕಿರೀಟ ಏನೂ ಬಿದ್ದು ಹೋಗಲ್ಲ.

ಈ ವರ್ಷ ನಮಗೂ ಜೂನಿಯರ್ಸ್ ಬಂದಿದ್ದಾರೆ. ಆ ಪದ ಈಗ ನಮ್ಮ ಕೈಗೂ ಸಿಕ್ಕಿದೆ. ಫೆಸ್ಟ್ ದುಡ್ಡು ಎಲ್ಲಿ ಖರ್ಚಾಯ್ತು ಅಂತ ಯಾರಾದ್ರೂ ಕೇಳಿದ್ರೆ, ಅಧಿಕಪ್ರಸಂಗಿ ಅನ್ನೋ ಮೊದಲು ಲೆಕ್ಕ ತೋರಿಸೋಣ.