ಮಗಳಿಗೆ ಮೊದಲ ಆರು ವಾರದ ಆರೈಕೆ



ನಮ್ಮ ವಿದ್ಯಾನಗರದಿಂದಲೇ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಗಂಡೆಂದು ಹೆಸರಿಟ್ಟು ಬೆಳೆಸಿದ ಮಗು ಚಿಕ್ಕಂದಿನಿಂದಲೂ ತಾನು ಹೆಣ್ಣೆಂದೇ ತಿಳಿದಿತ್ತು. ಈಗ ಬೆಂಗಳೂರಿನಲ್ಲಿ ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆ ಮುಗಿಸಿ ಮಗಳಾಗಿ ಮನೆಗೆ ಬರುತ್ತಿದ್ದಾಳೆ. "ಬಾಣಂತನ ಮಾಡಿ ಗೊತ್ತು, ಇದನ್ನ ಹೆಂಗ ಮಾಡೂದರಿ?" ಎಂದು ಕೇಳಿದ್ದಾರೆ.

ಅವ್ವಾ, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಬಾಣಂತಿಯ ಹಾಗೆಯೇ ಅವಳಿಗೂ ವಿಶ್ರಾಂತಿ ಬೇಕು, ಹದವಾದ ಊಟ ಬೇಕು, ಒಳ್ಳೆ ಮಾತು ಬೇಕು. ಆದರೆ ಬಾಣಂತನದ ಕೆಲವು ರೂಢಿ ಇಲ್ಲಿ ನಡೆಯುವುದಿಲ್ಲ.

ಮೊದಲು ಪ್ರಯಾಣದ ಮಾತು. ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ ಒಳಗಿಟ್ಟ ಬಟ್ಟೆಯನ್ನೂ ಮೂತ್ರದ ನಳಿಕೆಯನ್ನೂ ತೆಗೆಯುತ್ತಾರೆ. ಹಾಗೆಂದು ಅಂದೇ ಬಸ್ಸು ಹತ್ತಿಸಬೇಡಿ. ಹುಬ್ಬಳ್ಳಿಗೆ 400 ಕಿಲೋಮೀಟರಿಗೂ ಮಿಕ್ಕ ದಾರಿ. ವೈದ್ಯರು ಒಪ್ಪಿದ ಮೇಲೆಯೇ ಹೊರಡಬೇಕು. ರೈಲಿನಲ್ಲಿ ಮಲಗಿ ಬರುವುದು ಮೇಲು. ನಡುನಡುವೆ ಎಬ್ಬಿಸಿ ನಾಲ್ಕು ಹೆಜ್ಜೆ ಹಾಕಿಸಿ, ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುತ್ತದೆ. ಮನೆಯಲ್ಲಿಯೂ ಅಷ್ಟೇ, ದಿನವಿಡೀ ಮಲಗಿಸಬಾರದು, ಅಂಗಳದಲ್ಲಿ ನಿಧಾನವಾಗಿ ಓಡಾಡಲಿ.

ಎಣ್ಣೆ ನೀರು, ಅಗ್ಗಿಷ್ಟಿಕೆಯ ಕಾವು ಬೇಡವೇ ಬೇಡ. ಗಾಯಕ್ಕೆ ಅರಿಷಿಣ, ಬೇವು, ಮನೆಮದ್ದು ಏನನ್ನೂ ಹಚ್ಚಬೇಡಿ. ವೈದ್ಯರು ಅಪ್ಪಣೆ ಕೊಟ್ಟ ಮೇಲೆ ಉಗುರುಬೆಚ್ಚಗಿನ ನೀರನ್ನು ಮೆಲ್ಲಗೆ ಸುರಿದುಕೊಂಡು ಜಳಕ ಮಾಡಿ, ಶುಭ್ರ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಲಿ, ತಿಕ್ಕಬಾರದು. ಕೂಡಲು ಮೆತ್ತನೆಯ ದಿಂಬಿರಲಿ. ಆರು ವಾರ ಕೊಡ ಎತ್ತುವುದು, ಹಾಸಿಗೆ ಮಡಚುವುದು, ಬಗ್ಗಿ ಕಸ ಗುಡಿಸುವುದು ಇಲ್ಲ.

ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಇಲ್ಲಿ ಅದು ಅಪಾಯ. ನೋವಿನ ಮಾತ್ರೆಯಿಂದ ಮಲ ಗಟ್ಟಿಯಾಗುತ್ತದೆ, ಮುಕ್ಕಿದರೆ ಹೊಲಿಗೆಗೆ ಪೆಟ್ಟು. ನೀರು, ಮಜ್ಜಿಗೆ, ಹಣ್ಣು, ಸೊಪ್ಪು ಧಾರಾಳವಾಗಿರಲಿ. ಈ ಗಂಜಿ ಮಾಡಿ ನೋಡಿ: ಅರ್ಧ ಬಟ್ಟಲು ಜೋಳದ ನುಚ್ಚನ್ನು ಒಂದು ತಾಸು ನೆನೆಯಿಡಿ. ಕಾಲು ಬಟ್ಟಲು ಹೆಸರುಬೇಳೆ, ಒಂದು ಹಿಡಿ ಹೆಚ್ಚಿದ ಪಾಲಕ್, 4 ಬಟ್ಟಲು ನೀರು ಸೇರಿಸಿ ಕುಕ್ಕರಿನಲ್ಲಿ 5 ಸೀಟಿ ಕೂಗಿಸಿ. ಉಪ್ಪು ಹಾಕಿ ಜೀರಿಗೆ, ತುಪ್ಪದ ಒಗ್ಗರಣೆ ಕೊಡಿ. ಖಾರ ಬೇಡ.

ಇನ್ನು ತಾಯಂದಿರು ಕೇಳಲು ಸಂಕೋಚಪಡುವ ವಿಷಯ. ಹೊಸದಾಗಿ ಮಾಡಿದ ದಾರಿ ಕಿರಿದಾಗಬಾರದೆಂದು ವೈದ್ಯರು ಡೈಲೇಟರ್ ಎಂಬ ಸಾಧನ ಕೊಟ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಬಳಸಬೇಕೆಂದು ಹೇಳಿಕೊಟ್ಟಿರುತ್ತಾರೆ. ಅದನ್ನು ತಪ್ಪಿಸಿದರೆ ಮಾಡಿಸಿಕೊಂಡ ಚಿಕಿತ್ಸೆ ವ್ಯರ್ಥವಾದೀತು. ಆದ್ದರಿಂದ ಅವಳಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಒಳಗಿನಿಂದ ಚಿಲಕ ಹಾಕುವ ಕೋಣೆ. ನಮ್ಮ ಎರಡು ಕೋಣೆಯ ಮನೆಗಳಲ್ಲಿ ಇದು ಕಷ್ಟವೇ. ಆದರೂ ಆ ಹೊತ್ತಿಗೆ ಉಳಿದವರು ಪಡಸಾಲೆಯಲ್ಲಿ ಕೂತರಾಯಿತು. ಯಾರೂ ಬಾಗಿಲು ಬಡಿಯಬಾರದು.

ಸ್ವಲ್ಪ ಸ್ರಾವ, ಬಾವು, ಮರಗಟ್ಟಿದಂತಾಗುವುದು ಸಹಜ. ಆದರೆ 100.4 ಡಿಗ್ರಿಗೆ ಮೀರಿದ ಜ್ವರ, ಕೆಟ್ಟ ವಾಸನೆಯ ಸ್ರಾವ, ಒಂದು ತಾಸಿಗೆ ಪ್ಯಾಡು ತೊಯ್ಯುವಷ್ಟು ರಕ್ತ, ಮೂತ್ರ ಕಟ್ಟುವುದು, ಒಂದೇ ಮೀನಖಂಡ ಬಾತು ನೋಯುವುದು, ಉಸಿರು ಸಿಕ್ಕುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿ. ವಿದ್ಯಾನಗರದವರಿಗೆ ಕಿಮ್ಸ್ ಎಂದೇ ಜನ ಕರೆಯುವ ದೊಡ್ಡ ದವಾಖಾನೆ ಹತ್ತಿರವಿದೆ. ಆಪರೇಷನ್ನಿನ ಕಾಗದಪತ್ರ ಜೊತೆಗಿಟ್ಟುಕೊಂಡು ಹೋಗಿ, ವೈದ್ಯರಿಗೆ ಏನನ್ನೂ ಮುಚ್ಚಿಡಬೇಡಿ.

ಎರಡನೆಯದೋ ಮೂರನೆಯದೋ ವಾರ ಅವಳು ಕಾರಣವಿಲ್ಲದೆ ಅಳಬಹುದು. ನೋವು, ನಿದ್ದೆಗೇಡು, ಹಾರ್ಮೋನಿನ ಏರುಪೇರು ಎಲ್ಲ ಸೇರಿ ಹಾಗಾಗುತ್ತದೆ. ಅದನ್ನೇ ಪಶ್ಚಾತ್ತಾಪ ಎಂದುಕೊಂಡು "ನಾ ಮೊದಲೇ ಹೇಳಿದ್ದೆ" ಅನ್ನಬೇಡಿರಿ. ಬಾಣಂತಿ ಅತ್ತರೆ ಕೂಸು ಬೇಡವಾಯಿತು ಅಂತೇವೇನು? ಅಳು ನಿಲ್ಲದಿದ್ದರೆ, ಬದುಕು ಬೇಸರವಾಯಿತೆಂಬ ಮಾತು ಬಂದರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಿ.

ಇನ್ನು ನೋಡಲು ಬರುವವರು. ನೆರೆಯವರು ಏನು ಆಪರೇಷನ್, ಏನು ತೆಗೆದರು ಎಂದು ಕೇಳಿಯೇ ಕೇಳುತ್ತಾರೆ. "ದೊಡ್ಡ ಆಪರೇಷನ್ ಆಗೇದ, ಮಲಗ್ಯಾಳ" ಅಂದರೆ ಸಾಕು, ಹೆಚ್ಚಿನದನ್ನು ಹೇಳುವ ಹಕ್ಕು ಅವಳದು. ಮನೆಯ ಹಿರಿಯರು ಕೊಂಕು ತೆಗೆದರೆ ನೆನಪಿಸಿ: ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಜೋಗಪ್ಪಂದಿರ ಕಾಲಿಗೆ ನಾವೇ ಬಿದ್ದು ಬಂದವರಲ್ಲವೆ? ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟವರಲ್ಲವೆ? ಗುಡ್ಡದಲ್ಲಿ ಕೈಮುಗಿದವರು ಮನೆಯಲ್ಲಿ ಒಂದು ಲೋಟ ಹಾಲು ಕೊಡಲಾರೆವೆ?

ಆರು ವಾರಕ್ಕೆ ವೈದ್ಯರಿಗೆ ತೋರಿಸಿ, ಕೆಲಸಕ್ಕೆ ಯಾವಾಗ ಹೋಗಬಹುದೆಂದು ಕೇಳಿ. ಪೂರ್ತಿ ಮಾಯಲು ಹಲವು ತಿಂಗಳು ಹಿಡಿಯುತ್ತದೆ, ಅವಸರ ಬೇಡ. ಮತ್ತೆ ಒಂದು ಮಾತು, ಪತ್ರದಲ್ಲಿ ಒಂದು ಕಡೆ "ಮಗ" ಎಂದು ಬರೆದು ಹೊಡೆದು "ಮಗಳು" ಎಂದು ತಿದ್ದಿದ್ದೀರಿ. ಬಾಯಲ್ಲಿಯೂ ಹಾಗೇ ತಿದ್ದಿಕೊಳ್ಳುತ್ತ ಹೋಗಿ, ತಾಯೀ. ರೂಢಿಯಾಗುತ್ತದೆ.